ಟೈರಿನಿಂದ ಎಂಜಿನ್ ಕಡೆಗೆ: ಹಳೆಯ ಪವರ್ ವ್ಯಾಗನ್ನಿಗೆ ಹೊಸ ಡೀಸೆಲ್ ಕೂರಿಸುವ ಲೆಕ್ಕ

ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕಿಗೆ ಹೊಸ ಎಂಜಿನ್ ಕೂರಿಸಲು ಹೊರಟವರ ಮಾತು ಬಹುಪಾಲು ಎಂಜಿನ್ನಿನಿಂದಲೇ ಶುರುವಾಗುತ್ತದೆ. ಯಾವ ಕಂಪನಿಯದು, ಎಷ್ಟು ಹಾರ್ಸ್ ಪವರ್, ಎಲ್ಲಿ ಸಿಗುತ್ತದೆ? ಗೇರ್‌ಬಾಕ್ಸಿನ ವಿಚಾರ ಆಮೇಲೆ, ಹೌಸಿಂಗ್, ಅಂದರೆ ಎಡ ಬಲ ಚಕ್ರಗಳ ನಡುವಿನ ಆಕ್ಸಲ್ಲಿನ ವಿಚಾರ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವೇ ತಲೆಕೆಳಗು. ಟೈರಿನ ಸುತ್ತಳತೆ ಮೊದಲು, ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಗೇರುಗಳ ಅನುಪಾತ ಆಮೇಲೆ, ನಂತರ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಅದರ ನಂತರ ಗೇರ್‌ಬಾಕ್ಸ್. ಇಷ್ಟನ್ನು ಕಾಗದದ ಮೇಲೆ ಬರೆದು ಮುಗಿಸುವ ಹೊತ್ತಿಗೆ ಯಾವ ಎಂಜಿನ್ ಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಅಮೆರಿಕದ ಡಾಡ್ಜ್ ಪವರ್ ವ್ಯಾಗನ್ನನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ. ಇಂಥ ಬದಲಾವಣೆಗೆ ಇದಕ್ಕಿಂತ ಒಗ್ಗುವ ಹಳೆಯ ಗಾಡಿ ನನಗೆ ತಿಳಿದಂತೆ ಇನ್ನೊಂದಿಲ್ಲ.

ಎರಡನೇ ಮಹಾಯುದ್ಧದಲ್ಲಿ ದುಡಿದ ಡಾಡ್ಜ್ ಡಬ್ಲ್ಯುಸಿ ಸರಣಿಯ ಮುಕ್ಕಾಲು ಟನ್ ಟ್ರಕ್ಕನ್ನು ತಿದ್ದಿ 1946ರಲ್ಲಿ ಜನಸಾಮಾನ್ಯರಿಗೆ ಮಾರಲು ತಂದ ಗಾಡಿ ಪವರ್ ವ್ಯಾಗನ್. ಅಮೆರಿಕದ ಮಾರುಕಟ್ಟೆಯಲ್ಲಿ 1968ರವರೆಗೂ ಹೆಚ್ಚುಕಡಿಮೆ ಅದೇ ಮುಖ, ಅದೇ ಚಾಸಿಯಲ್ಲಿ ಮಾರಾಟವಾಯಿತು. 126 ಇಂಚು ವೀಲ್‌ಬೇಸ್, 9.00-16 ಟೈರ್, ನಾಲ್ಕು ಗೇರ್, ಎರಡು ವೇಗದ ಟ್ರಾನ್ಸ್‌ಫರ್ ಕೇಸ್. ಬಾನೆಟ್ ಕೆಳಗೆ 230 ಘನ ಇಂಚಿನ, ಅಂದರೆ ಸುಮಾರು 3.8 ಲೀಟರಿನ ಆರು ಸಿಲಿಂಡರ್ ಫ್ಲ್ಯಾಟ್‌ಹೆಡ್ ಪೆಟ್ರೋಲ್ ಎಂಜಿನ್, 94 ಹಾರ್ಸ್ ಪವರ್. ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನ ಪಕ್ಕದಲ್ಲೇ ಇರುವ ಈ ಎಂಜಿನ್ ಬಹಳ ಸಹನೆಯದು, ಆದರೆ ಕುಡಿಯುವುದು ಜಾಸ್ತಿ, ಏರಿನಲ್ಲಿ ಉಸಿರು ಸಾಲದು. ಜನ ಅದನ್ನು ಇಳಿಸುವುದಕ್ಕೆ ಕಾರಣ ಇಷ್ಟೇ. ಗಾಡಿಯ ಉಳಿದ ಭಾಗ ಎಪ್ಪತ್ತು ವರ್ಷದ ನಂತರವೂ ಗಟ್ಟಿಯಾಗಿಯೇ ಇರುತ್ತದೆ.

ನಮ್ಮ ಕಡೆಗೂ ಈ ಕುಟುಂಬ ಅಪರಿಚಿತವಲ್ಲ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಡಾಡ್ಜ್, ಫಾರ್ಗೊ, ಡಿಸೋಟೊ ಹೆಸರಿನ ಲಾರಿಗಳನ್ನು ಕಟ್ಟುತ್ತಿತ್ತು. ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಪಿ6 ಡೀಸೆಲ್ ಕೂರಿಸುವ ಕೆಲಸ ಆ ಕಾಲದ ದಕ್ಷಿಣ ಭಾರತದಲ್ಲಿ ದೊಡ್ಡ ಉದ್ಯಮವೇ ಆಗಿತ್ತು. ಮದರಾಸಿನ ಸಿಂಪ್ಸನ್ ಅದರಲ್ಲಿ ಮುಂದಿತ್ತು. ಈಗ ಹೇಳಹೊರಟಿರುವುದು ಆ ಕೆಲಸದ ಮುಂದಿನ ತಲೆಮಾರು.

ಲೆಕ್ಕಕ್ಕೆ ಬರೋಣ. 9.00-16 ಟೈರಿನ ವ್ಯಾಸ ಸುಮಾರು 90 ಸೆಂಟಿಮೀಟರ್. ಭಾರಕ್ಕೆ ತುಸು ಕುಗ್ಗುವುದನ್ನು ಹಿಡಿದರೆ ಒಂದು ಸುತ್ತಿಗೆ 2.8 ಮೀಟರ್ ಉರುಳುತ್ತದೆ. ಗಂಟೆಗೆ 80 ಕಿ.ಮೀ. ಓಡಲು ಚಕ್ರ ನಿಮಿಷಕ್ಕೆ 476 ಸುತ್ತು ತಿರುಗಬೇಕು. ಪವರ್ ವ್ಯಾಗನ್ನಿನ ಸಾಮಾನ್ಯ ಕ್ರೌನ್ ಪಿನಿಯನ್ ಅನುಪಾತ 5.83. ಹಾಗಾದರೆ ನೇರ ಟಾಪ್ ಗೇರಿನಲ್ಲಿ ಎಂಜಿನ್ ಸುಮಾರು 2,775 ಸುತ್ತು ತಿರುಗುತ್ತದೆ. ಫ್ಲ್ಯಾಟ್‌ಹೆಡ್ ತನ್ನ ಪೂರ್ತಿ ಶಕ್ತಿ ಕೊಡುವುದು 3,200ರ ಆಸುಪಾಸಿನಲ್ಲಿ, ಅಂದರೆ ಗಂಟೆಗೆ 92 ಕಿ.ಮೀ.ಗೆ ಅದರ ಕಥೆ ಮುಗಿಯಿತು. 70 ಕಿ.ಮೀ. ಮೇಲೆ ಆ ಎಂಜಿನ್ ನೆಮ್ಮದಿಯಾಗಿ ಓಡುವುದಿಲ್ಲ ಎಂದು ಹಳೆಯ ಚಾಲಕರು ಹೇಳುವುದು ಇದಕ್ಕೇ.

ಈಗ ಅದೇ ಜಾಗದಲ್ಲಿ ಕಮಿನ್ಸ್ 4ಬಿಟಿ ಇಟ್ಟು ನೋಡಿ. ನಾಲ್ಕು ಸಿಲಿಂಡರ್, 3.9 ಲೀಟರ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, ಟರ್ಬೊ. ಸಾಮಾನ್ಯ ರೂಪದಲ್ಲಿ 105 ಹಾರ್ಸ್ ಪವರ್, 1,600 ಸುತ್ತಿನಲ್ಲಿ ಸುಮಾರು 360 ನ್ಯೂಟನ್ ಮೀಟರ್ ಟಾರ್ಕ್. ಗವರ್ನರ್ 2,500 ಸುತ್ತಿನ ಹತ್ತಿರ ಡೀಸೆಲ್ ತಡೆಯುತ್ತದೆ. ಹಳೆಯ ನಾಲ್ಕು ಗೇರಿನ ಡಬ್ಬಕ್ಕೇ ಇದನ್ನು ಜೋಡಿಸಿದರೆ ಗರಿಷ್ಠ ವೇಗ ಗಂಟೆಗೆ 72 ಕಿ.ಮೀ. ಮಾತ್ರ! ದುಬಾರಿ ಎಂಜಿನ್ ತಂದು, ತಿಂಗಳುಗಟ್ಟಲೆ ಬೆವರು ಸುರಿಸಿ, ಮೊದಲಿಗಿಂತ ನಿಧಾನದ ಗಾಡಿ ಮಾಡಿಕೊಂಡವರು ಇದ್ದಾರೆ. ಎಂಜಿನ್ನಿನಿಂದ ಶುರುಮಾಡಿದ್ದರ ಫಲ ಅದು.

ಓವರ್‌ಡ್ರೈವ್ ಇರುವ, ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ನಿಗಿಂತ ಶಾಫ್ಟ್ ಜೋರಾಗಿ ತಿರುಗುವ, ಐದು ಗೇರಿನ ಡಬ್ಬ ಬಂದರೆ ಚಿತ್ರವೇ ಬೇರೆ. ನ್ಯೂ ವೆಂಚರ್ ಎನ್‌ವಿ4500 ಗೇರ್‌ಬಾಕ್ಸಿನ ಮೊದಲ ಗೇರ್ 5.61, ಐದನೆಯದು 0.73. ಅದೇ 5.83 ಹೌಸಿಂಗ್ ಜೊತೆ ಗಂಟೆಗೆ 80 ಕಿ.ಮೀ.ಗೆ ಎಂಜಿನ್ 2,025 ಸುತ್ತಿನಲ್ಲಿರುತ್ತದೆ. 4ಬಿಟಿಗೆ ದಿನವಿಡೀ ಓಡಲು ಒಗ್ಗುವ ವೇಗ ಅದೇ. ಮಿತಿ 98 ಕಿ.ಮೀ.ಗೆ ಏರುತ್ತದೆ. ಕೆಲವು ಪವರ್ ವ್ಯಾಗನ್‌ಗಳಲ್ಲಿ 4.89 ಅನುಪಾತವೂ ಇತ್ತು. ಅದು ಸಿಕ್ಕರೆ 100 ಕಿ.ಮೀ.ಗೆ 2,125 ಸುತ್ತು. ಸಿಗದಿದ್ದರೆ ಕೊರಗುವ ಅಗತ್ಯವಿಲ್ಲ. ನಾಲ್ಕೂ ಕಡೆ ಡ್ರಮ್ ಬ್ರೇಕ್, ಪಾಟಾ ಸ್ಪ್ರಿಂಗ್, ಎತ್ತರದ ಮೈ ಇರುವ ಈ ಗಾಡಿಯನ್ನು 90 ಕಿ.ಮೀ. ಮೇಲೆ ಓಡಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗಾಗಿ 5.83 ಹೌಸಿಂಗ್ ಮುಟ್ಟದೆ ಬಿಡುವುದೇ ಜಾಣತನ. ಕೆಳಗಿನ ಗೇರಿನಲ್ಲೂ ನಷ್ಟವಿಲ್ಲ: 5.61, ಟ್ರಾನ್ಸ್‌ಫರ್ ಕೇಸಿನ ಲೋ 1.96, ಹೌಸಿಂಗ್ 5.83, ಮೂರನ್ನೂ ಗುಣಿಸಿದರೆ 64. ಎಂಜಿನ್ 800 ಸುತ್ತಿನಲ್ಲಿ ಐಡಲ್ ಆಗುತ್ತಿರುವಾಗ ಗಾಡಿ ಗಂಟೆಗೆ 2 ಕಿ.ಮೀ. ವೇಗದಲ್ಲಿ ತೆವಳುತ್ತದೆ.

ಕಮಿನ್ಸ್‌ನದೇ ಇನ್ನೊಂದು ಆಯ್ಕೆ ಆರ್2.8. ಕಾಮನ್ ರೈಲ್, ಎಲೆಕ್ಟ್ರಾನಿಕ್ ನಿಯಂತ್ರಣ, 161 ಹಾರ್ಸ್ ಪವರ್, ಸುಮಾರು 420 ನ್ಯೂಟನ್ ಮೀಟರ್. 4ಬಿಟಿಗಿಂತ ಬಹಳ ಹಗುರ, 3,600 ಸುತ್ತಿನವರೆಗೂ ಸರಾಗ. 5.83 ಹೌಸಿಂಗ್ ಇಟ್ಟುಕೊಂಡು 90 ಕಿ.ಮೀ. ಓಡಬೇಕೆಂದರೆ ಲೆಕ್ಕದ ಪ್ರಕಾರ ಇದೇ ಹೆಚ್ಚು ಹೊಂದುತ್ತದೆ, ಅಲುಗಾಟವೂ ಕಡಿಮೆ. ಆದರೂ 1980ರ ದಶಕದ ವಿನ್ಯಾಸದ 4ಬಿಟಿಯನ್ನೇ ಬಹಳ ಜನ ಆರಿಸುವುದಕ್ಕೆ ಒಂದು ಕಾರಣವಿದೆ. ಡೀಸೆಲ್ ಚಿಮ್ಮಿಸಲು ಬಾಷ್ ವಿಇ ಎಂಬ ಮೆಕ್ಯಾನಿಕಲ್ ಪಂಪ್ ಇರುವ 4ಬಿಟಿ ಓಡಲು ಒಂದೇ ಒಂದು ತಂತಿ ಸಾಕು, ಡೀಸೆಲ್ ತಡೆಯುವ ಸೊಲೆನಾಯ್ಡಿಗೆ 12 ವೋಲ್ಟ್. ಊರಿನಿಂದ ಇನ್ನೂರು ಕಿ.ಮೀ. ದೂರದ ಕಾಡಿನಲ್ಲಿ ನಿಂತಾಗ ಈ ಸರಳತೆಯ ಬೆಲೆ ಗೊತ್ತಾಗುತ್ತದೆ. 4ಬಿಟಿ ಸೇರಿರುವ ಬಿ ಸರಣಿಯ ಎಂಜಿನ್‌ಗಳನ್ನು ಜಮ್‌ಷೆಡ್‌ಪುರದ ಟಾಟಾ ಕಮಿನ್ಸ್ ಕೂಡ ಮಾಡುತ್ತಾ ಬಂದಿರುವುದರಿಂದ ಅದರ ಒಳಗುಟ್ಟು ಬಲ್ಲ ಮೇಸ್ತ್ರಿಗಳು ನಮ್ಮ ಹೆದ್ದಾರಿ ಗ್ಯಾರೇಜ್‌ಗಳಲ್ಲೂ ಸಿಗುತ್ತಾರೆ. ಮುಂದಿನದೆಲ್ಲ 4ಬಿಟಿ ಮತ್ತು ಎನ್‌ವಿ4500 ಜೋಡಿಯ ಬಗ್ಗೆ.

ಅಮೆರಿಕದಲ್ಲಿ ಹಳೆಯ 4ಬಿಟಿಗಳು ಹೆಚ್ಚಾಗಿ ಸಿಗುವುದು ಬ್ರೆಡ್, ಚಿಪ್ಸ್ ಹಂಚುವ ಡೆಲಿವರಿ ವ್ಯಾನ್‌ಗಳಿಂದ. ಈ ವ್ಯಾನ್‌ಗಳ ಎಂಜಿನ್ನಿನ ಹಿಂದೆ ಜಿಎಂ ಮಾದರಿಯ ಅಡಾಪ್ಟರ್ ಪ್ಲೇಟ್ ಇರುವುದು ಸಾಮಾನ್ಯ. ಕೈಗಾರಿಕೆಗೆ ಬಂದವುಗಳಲ್ಲಿ ಎಸ್‌ಎಇ 3 ಎಂಬ ಅಳತೆಯ ಫ್ಲೈವೀಲ್ ಹೌಸಿಂಗ್ ಇರುತ್ತದೆ. ಡಾಡ್ಜ್ ರ್‍ಯಾಮ್‌ನಲ್ಲಿ 1989ರಿಂದ ಬಂದ ಆರು ಸಿಲಿಂಡರಿನ 6ಬಿಟಿಯ ಅಡಾಪ್ಟರ್ ಪ್ಲೇಟ್ 4ಬಿಟಿಯ ಬೆನ್ನಿಗೂ ಹಾಗೆಯೇ ಕೂರುತ್ತದೆ. ಆದ್ದರಿಂದ ಪ್ಲೇಟ್, ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ), ಫ್ಲೈವೀಲ್, ಕ್ಲಚ್, ಸೆಲ್ಫ್ ಮೋಟರ್ ಐದನ್ನೂ ಒಂದೇ ರ್‍ಯಾಮ್ ಗಾಡಿಯಿಂದ, ಒಂದೇ ವರ್ಷದ ಸೆಟ್ಟಾಗಿ ತೆಗೆದುಕೊಳ್ಳಬೇಕು. ಒಂದೊಂದನ್ನು ಒಂದೊಂದು ಕಡೆಯಿಂದ ಆರಿಸಿ ತಂದರೆ ಸೆಲ್ಫ್ ಹಲ್ಲು ರಿಂಗ್ ಗೇರಿಗೆ ಕೂಡುವುದಿಲ್ಲ, ಇಲ್ಲವೇ ಕ್ಲಚ್ ಪ್ಲೇಟಿನ ಸ್ಪ್ಲೈನ್ (ಶಾಫ್ಟನ್ನು ಹಿಡಿಯುವ ಉದ್ದ ಹಲ್ಲುಗಳು) ಶಾಫ್ಟಿಗೆ ಹೋಗುವುದಿಲ್ಲ. ಡೀಸೆಲ್ ರ್‍ಯಾಮ್‌ನ ಎನ್‌ವಿ4500 ಮೊದಲು ಒಂದೂಕಾಲು ಇಂಚಿನ ಇನ್‌ಪುಟ್ ಶಾಫ್ಟ್ ಹೊತ್ತು ಬಂತು, ನಂತರದ ಮಾದರಿಗಳಲ್ಲಿ ಅದು ದಪ್ಪವಾಯಿತು. ಹಣ ಕೊಡುವ ಮುಂಚೆ ವರ್ನಿಯರ್ ಹಿಡಿದು ಅಳೆಯಿರಿ.

ಎಂಜಿನ್ ಕೊಳ್ಳುವಾಗ ನೋಡಬೇಕಾದ್ದು ಎರಡು. ಬಿ ಸರಣಿಯ ಬ್ಲಾಕಿಗೆ ಲೈನರ್ ಇಲ್ಲ, ಬೋರ್ ಬ್ಲಾಕಿನಲ್ಲೇ ಕೊರೆದದ್ದು. ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾದ ದೊಡ್ಡ ಖರ್ಚು. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದು ಬ್ರೀದರಿನ ಹೊಗೆ ನೋಡಿಯೇ ಮಾತು ಮುಂದುವರಿಸಿ. ಎರಡನೆಯದು ಮುಂದಿನ ಗೇರ್ ಕವರಿನೊಳಗಿನ ಒಂದು ಚಿಕ್ಕ ಉಕ್ಕಿನ ಡವಲ್ ಪಿನ್. ಟೈಮಿಂಗ್ ಗೇರ್ ಹೌಸಿಂಗನ್ನು ಬ್ಲಾಕಿಗೆ ಸರಿಯಾಗಿ ನಿಲ್ಲಿಸುವುದಷ್ಟೇ ಅದರ ಕೆಲಸ. ವರ್ಷಗಳ ಅಲುಗಾಟಕ್ಕೆ ಅದು ಸಡಿಲಾಗಿ ಹೊರಬಂದು ತಿರುಗುತ್ತಿರುವ ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಹಲ್ಲು ಮುರಿಯುತ್ತದೆ, ಹೌಸಿಂಗ್ ಒಡೆಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಕಿಲ್ಲರ್ ಡವಲ್ ಪಿನ್ ಎಂದೇ ಕರೆಯುತ್ತಾರೆ. ಪರಿಹಾರ ಅತಿ ಅಗ್ಗ: ಪಿನ್ನಿನ ತೂತಿನ ಬಾಯಿಗೆ ಅಡ್ಡಲಾಗಿ ಒಂದು ಚಿಕ್ಕ ಉಕ್ಕಿನ ಪಟ್ಟಿಯನ್ನು ಪಕ್ಕದ ಬೋಲ್ಟಿನಡಿ ಸಿಕ್ಕಿಸಿ, ಲಾಕ್‌ಟೈಟ್ ಹಚ್ಚಿ, 24 ನ್ಯೂಟನ್ ಮೀಟರಿಗೆ ಬಿಗಿಯುವುದು. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿರುವಾಗ ಅರ್ಧ ದಿನದ ಕೆಲಸ. ಗಾಡಿಗೆ ಕೂರಿಸಿದ ಮೇಲೆ ರೇಡಿಯೇಟರನ್ನೂ ಇಳಿಸಬೇಕು. ಅದೇ ಹೊತ್ತಿಗೆ ಮುಂದಿನ ಕ್ರ್ಯಾಂಕ್ ಸೀಲ್ ಬದಲಿಸಿ, ಟ್ಯಾಪೆಟ್ ಗ್ಯಾಪ್ ನೋಡಿ, ಇಂಟೇಕ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ.

ಪವರ್ ವ್ಯಾಗನ್ ಇಂಥ ಕೆಲಸಕ್ಕೆ ಒಗ್ಗುತ್ತದೆ ಎಂದೆನಲ್ಲ, ಅದರ ಮುಖ್ಯ ಕಾರಣ ಟ್ರಾನ್ಸ್‌ಫರ್ ಕೇಸ್. ನಮ್ಮ ಮಲೆನಾಡಿನ ಹಳೆಯ ಜೀಪುಗಳಲ್ಲಿ ಅದು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿರುತ್ತದೆ. ಗೇರ್‌ಬಾಕ್ಸ್ ಬದಲಾಯಿತೆಂದರೆ ಎರಡರ ನಡುವೆ ಹೊಂದುವ ಅಡಾಪ್ಟರ್ ಹುಡುಕುವುದೇ ದೊಡ್ಡ ತಲೆನೋವು. ಪವರ್ ವ್ಯಾಗನ್ನಿನಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬಿಡಿಯಾಗಿ, ಹಿಂದಕ್ಕೆ, ಚಾಸಿಯ ಮೇಲೆ ತಾನೇ ಕೂತಿದೆ. ಎರಡಕ್ಕೂ ನಂಟು ಒಂದು ಚಿಕ್ಕ ಪ್ರೊಪೆಲ್ಲರ್ ಶಾಫ್ಟ್ ಮಾತ್ರ. ಮುಂದೆ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಬಂದರೂ ಆ ಚಿಕ್ಕ ಶಾಫ್ಟನ್ನು ಹೊಸದಾಗಿ ಮಾಡಿಸಿದರೆ ಮುಗಿಯಿತು. ಹ್ಯಾಂಡ್ ಬ್ರೇಕ್ ಡ್ರಮ್, ಸ್ಪೀಡೋಮೀಟರ್ ಕೇಬಲ್, ಮುಂದಿನ ಹಿಂದಿನ ಶಾಫ್ಟುಗಳು ಎಲ್ಲ ಇದ್ದಲ್ಲೇ ಇರುತ್ತವೆ.

ಇದರಿಂದ ಹುಟ್ಟುವ ಒಂದು ಷರತ್ತನ್ನು ಬಹಳ ಜನ ಮರೆಯುತ್ತಾರೆ. ಬಿಡಿ ಟ್ರಾನ್ಸ್‌ಫರ್ ಕೇಸಿಗೆ ಬೇಕಾದ್ದು ಟೂ ವೀಲ್ ಡ್ರೈವ್ ಗಾಡಿಯ ಗೇರ್‌ಬಾಕ್ಸ್. ಫೋರ್ ವೀಲ್ ಡ್ರೈವ್ ರ್‍ಯಾಮ್‌ನ ಎನ್‌ವಿ4500 ತಂದರೆ ಅದರ ಹಿಂಬದಿಯಲ್ಲಿ ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗುವ ಗಿಡ್ಡ ಶಾಫ್ಟ್ ಇರುತ್ತದೆಯೇ ಹೊರತು ಶಾಫ್ಟ್ ಜೋಡಿಸುವ ಯೋಕ್ ಇರುವುದಿಲ್ಲ. ಫೋರ್ ವೀಲ್ ಗಾಡಿಗೆ ಫೋರ್ ವೀಲ್ ಡಬ್ಬ ಎಂದು ಲೆಕ್ಕ ಹಾಕಿ ಕೊಂಡರೆ ಅದನ್ನು ಬದಲಿಸುವ ಖರ್ಚು ಇನ್ನೊಂದು ಗೇರ್‌ಬಾಕ್ಸಿನ ಬೆಲೆಗೆ ಹತ್ತಿರ ಬರುತ್ತದೆ.

ಎನ್‌ವಿ4500 ಗಟ್ಟಿ ಡಬ್ಬ, ಆದರೆ ಡೀಸೆಲ್ ಹಿಂದೆ ಕೂತಾಗ ಅದಕ್ಕೊಂದು ಪ್ರಸಿದ್ಧ ಕಾಯಿಲೆ ಇದೆ. ಐದನೇ ಗೇರನ್ನು ಮೇನ್ ಶಾಫ್ಟಿಗೆ ಹಿಡಿದಿರುವ ದೊಡ್ಡ ನಟ್ ಎಂಜಿನ್ನಿನ ತಿರುಚು ಅಲುಗಾಟಕ್ಕೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಗೇರ್ ಸರಿದು ಸ್ಪ್ಲೈನ್ ಅರ್ಧಂಬರ್ಧ ಹಿಡಿದು, ಸವೆದು, ಒಂದು ದಿನ ಲಿವರ್ ಐದರಲ್ಲಿದ್ದರೂ ಗಾಡಿ ಓಡುವುದಿಲ್ಲ. ನಾಲ್ಕು ಸಿಲಿಂಡರಿನ 4ಬಿಟಿಯ ಹೊಡೆತ ಆರು ಸಿಲಿಂಡರಿಗಿಂತ ಒರಟು. ಹಾಗಾಗಿ ಡಬ್ಬ ಬಿಚ್ಚಿದಾಗಲೇ ಹಿಂದಿನ ಟೇಲ್ ಹೌಸಿಂಗ್ ತೆಗೆದು ಶಾಫ್ಟಿನ ಸ್ಪ್ಲೈನ್ ನೋಡಬೇಕು. ಸವೆದಿದ್ದರೆ ಪೂರ್ತಿ ಸ್ಪ್ಲೈನ್ ಇರುವ ಸುಧಾರಿತ ಶಾಫ್ಟ್, ಇಲ್ಲವಾದರೆ ಕನಿಷ್ಠ ಸ್ಕ್ರೂ ಬಿಗಿದು ಕಚ್ಚಿಹಿಡಿಯುವ ತರಹದ ನಟ್ ಹಾಕಬೇಕು. ಹಳೆಯ ನಟ್ಟನ್ನೇ ಜೋರಾಗಿ ಬಿಗಿದು ಬಿಡುವುದು ಪರಿಹಾರವಲ್ಲ. ಎಣ್ಣೆಯ ವಿಷಯದಲ್ಲೂ ಹುಷಾರು. ಇದಕ್ಕೆ ಬೇಕಾದ್ದು ಜಿಎಲ್-4 ದರ್ಜೆಯ 75ಡಬ್ಲ್ಯು-85 ಸಿಂಥೆಟಿಕ್, 3.8 ಲೀಟರ್. ಹೌಸಿಂಗಿಗೆ ಹಾಕುವ ಜಿಎಲ್-5 ಎಣ್ಣೆ ಸುರಿದರೆ ಸಿಂಕ್ರೊನೈಸರ್ ರಿಂಗುಗಳು ಬೇಗ ಹಾಳಾಗುತ್ತವೆ.

ಟಾರ್ಕ್ ಹೆಚ್ಚಿದರೆ ಹಳೆಯ ಟ್ರಾನ್ಸ್‌ಫರ್ ಕೇಸ್ ತಡೆಯುತ್ತದೆಯೇ? ಫ್ಲ್ಯಾಟ್‌ಹೆಡ್ ಕೊಡುತ್ತಿದ್ದುದು ಸುಮಾರು 250 ನ್ಯೂಟನ್ ಮೀಟರ್, ಹಳೆಯ ಮೊದಲ ಗೇರ್ ಸುಮಾರು 6.4, ಟ್ರಾನ್ಸ್‌ಫರ್ ಕೇಸಿಗೆ ಹೋಗುತ್ತಿದ್ದುದು 1,600. ಹೊಸದರಲ್ಲಿ 360ನ್ನು 5.61ರಿಂದ ಗುಣಿಸಿದರೆ 2,020. ಏರಿಕೆ ಕಾಲು ಭಾಗ, ಅಷ್ಟೇ. ಬೇರಿಂಗ್ ಹೊಸದಾಗಿದ್ದರೆ ಅದು ತಾಳಿಕೊಳ್ಳುತ್ತದೆ. ತಾಳದಿರುವುದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದಾಗ. ವಿಇ ಪಂಪಿನಲ್ಲಿ ಅದು ಹತ್ತು ನಿಮಿಷದ ಕೆಲಸ, ಆಸೆ ಹುಟ್ಟುವುದು ಸಹಜ. ಟರ್ಬೊ ಮುಂದಿನ ಹೊಗೆಯ ಶಾಖ 675 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿಸ್ಟನ್ ಕರಗುವ ದಾರಿ ಹಿಡಿಯುತ್ತದೆ. ಆ ಶಾಖ ತೋರಿಸುವ ಪೈರೋಮೀಟರ್ ಹಾಕದೆ ಆ ಸ್ಕ್ರೂ ಮುಟ್ಟಲೇಬಾರದು.

ಬೆಲ್ ಹೌಸಿಂಗ್ ಕೂರಿಸುವ ಘಟ್ಟದಲ್ಲಿ ತುಸು ನಿಲ್ಲಬೇಕು, ಏಕೆಂದರೆ ಇಲ್ಲಿ ಉಳಿಸಿದ ಒಂದು ಗಂಟೆ ಮುಂದೆ ಗೇರ್‌ಬಾಕ್ಸನ್ನೇ ತಿನ್ನುತ್ತದೆ. ಕ್ರ್ಯಾಂಕಿನ ನಡು ಮತ್ತು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ನಡು ಒಂದೇ ಗೆರೆಯಲ್ಲಿರಬೇಕು. ಅಡಾಪ್ಟರ್ ಪ್ಲೇಟಿನ ಎರಡೂ ಮುಖಗಳ ಬಣ್ಣ, ತುಕ್ಕು, ಬೋಲ್ಟ್ ತೂತಿನ ಅಂಚಿನ ಉಬ್ಬು ಎಲ್ಲವನ್ನೂ ಚಪ್ಪಟೆ ಅರದಿಂದ ತೆಗೆಯಿರಿ. ಫ್ಲೈವೀಲ್ ಬೋಲ್ಟುಗಳನ್ನು ಅಡ್ಡಡ್ಡವಾಗಿ 137 ನ್ಯೂಟನ್ ಮೀಟರಿಗೆ ಬಿಗಿಯಿರಿ. ಕ್ಲಚ್ ಹಾಕುವ ಮೊದಲು ಬರೀ ಬೆಲ್ ಹೌಸಿಂಗನ್ನು ಪೂರ್ತಿ ಬಿಗಿದು, ಡಯಲ್ ಗೇಜಿನ ಮ್ಯಾಗ್ನೆಟ್ ಬುಡವನ್ನು ಫ್ಲೈವೀಲಿಗೆ ಅಂಟಿಸಿ, ಅದರ ಮೊನೆ ಬೆಲ್ ಹೌಸಿಂಗಿನ ಹಿಂದಿನ ದೊಡ್ಡ ದುಂಡು ಬಾಯಿಯ ಒಳ ಅಂಚಿಗೆ ತಾಗುವಂತೆ ಇಡಿ. ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.25 ಮಿ.ಮೀ. ಒಳಗಿದ್ದರೆ ಸರಿ. 0.40 ತೋರಿಸಿದರೆ ನಡು ಅದರ ಅರ್ಧ, ಅಂದರೆ 0.20 ಮಿ.ಮೀ. ಸರಿದಿದೆ ಎಂದರ್ಥ. ಆಗ ಆಫ್‌ಸೆಟ್ ಡವಲ್ ಹಾಕಿ ಹೌಸಿಂಗನ್ನು ಸರಿಸಿ ಮತ್ತೆ ಅಳೆಯಬೇಕು. ಆಮೇಲೆ ಗೇಜಿನ ಮೊನೆಯನ್ನು ಹಿಂದಿನ ಮುಖಕ್ಕೆ ತಾಗಿಸಿ ಅದು ಓರೆಯಾಗಿದೆಯೇ ಎಂದೂ ನೋಡಿ. ಇಷ್ಟನ್ನು ಬಿಟ್ಟರೆ ಗಾಡಿ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ತಿಂಗಳುಗಳ ಮೇಲೆ ಪೈಲಟ್ ಬೇರಿಂಗ್ ಕಿರುಚುತ್ತದೆ, ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆ, ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಆಗ ಎಲ್ಲರೂ ಗೇರ್‌ಬಾಕ್ಸನ್ನು ಬೈಯುತ್ತಾರೆ.

ಹಳೆಯ ಕ್ಲಚ್ ಲಿಂಕೇಜ್ ಹೊಸ ಜಾಗಕ್ಕೆ ಬರುವುದಿಲ್ಲ, ಹೈಡ್ರಾಲಿಕ್ ಮಾಡಬೇಕು. ಪೆಡಲ್ 150 ಮಿ.ಮೀ. ಇಳಿಯುತ್ತದೆ, ಸನ್ನೆ ಅನುಪಾತ 6 ಇದ್ದರೆ ಮಾಸ್ಟರ್ ಸಿಲಿಂಡರಿನ ರಾಡ್ 25 ಮಿ.ಮೀ. ಸರಿಯುತ್ತದೆ. ಮಾಸ್ಟರ್ 19 ಮಿ.ಮೀ., ಸ್ಲೇವ್ 22 ಮಿ.ಮೀ. ಬೋರ್ ಇದ್ದರೆ ಸ್ಲೇವ್ ಸುಮಾರು 18.5 ಮಿ.ಮೀ. ತಳ್ಳುತ್ತದೆ. ರಿಲೀಸ್ ಫೋರ್ಕಿಗೆ ಎಷ್ಟು ಬೇಕೆಂದು ಮೊದಲು ಕೈಯಿಂದ ತಳ್ಳಿ ಅಳೆದು, ಸಿಲಿಂಡರನ್ನು ಅದಕ್ಕೆ ತಕ್ಕಂತೆ ಆರಿಸಿ.

ಎಂಜಿನ್ ಇಡುವ ಜಾಗ. 4ಬಿಟಿ ಸುಮಾರು 78 ಸೆಂ.ಮೀ. ಉದ್ದ, 96 ಸೆಂ.ಮೀ. ಎತ್ತರ, ಒಣ ತೂಕ ಸುಮಾರು 340 ಕಿಲೋ. ಪವರ್ ವ್ಯಾಗನ್ನಿನ ಬಾನೆಟ್ ಕಿರಿದು, ಆದರೆ ಎತ್ತರ. ವಿ8 ಎಂಜಿನ್ನಿಗೆ ಅಗಲ ಸಾಲದೆ ಎಕ್ಸಾಸ್ಟಿಗೂ ಸ್ಟಿಯರಿಂಗಿಗೂ ಜಗಳವಾಗುತ್ತದೆ. ಸಾಲಾಗಿ ನಿಂತ ನಾಲ್ಕು ಸಿಲಿಂಡರಿಗೆ ಆ ತೊಂದರೆ ಇಲ್ಲ. ಚಾಲಕನ ಕಡೆಯಿಂದ ನೋಡಿದರೆ ಟರ್ಬೊ ಬಲಕ್ಕೆ, ಪಂಪ್ ಎಡಕ್ಕೆ. ಅಮೆರಿಕದ ಗಾಡಿಯಲ್ಲಿ ಸ್ಟಿಯರಿಂಗ್ ಎಡಕ್ಕೇ ಇರುವುದರಿಂದ ಪಂಪಿಗೂ ಸ್ಟಿಯರಿಂಗ್ ಕಾಲಮ್ಮಿಗೂ ನಡುವೆ ಕೈ ತೂರುವಷ್ಟು ಜಾಗ ಉಳಿದಿದೆಯೇ ಎಂದು ಬ್ರ್ಯಾಕೆಟ್ ವೆಲ್ಡ್ ಮಾಡುವ ಮುಂಚೆಯೇ ನೋಡಿ.

ನಿಜವಾದ ಇಕ್ಕಟ್ಟು ಕೆಳಗಿದೆ, ಆಯಿಲ್ ಚೇಂಬರಿಗೂ ಮುಂದಿನ ಹೌಸಿಂಗಿಗೂ ನಡುವೆ. ಗಾಡಿ ಸುಮ್ಮನೆ ನಿಂತಿರುವಾಗ ಅಂತರ ಧಾರಾಳವಾಗಿ ಕಾಣುತ್ತದೆ. ಮುಂದಿನ ಪಾಟಾ ಸೆಟ್ಟಿನ ಮೇನ್ ಲೀಫ್ ಒಂದನ್ನೇ ಬಿಟ್ಟು ಉಳಿದ ಲೀಫ್ ಬಿಚ್ಚಿ, ಜಾಕಿನಿಂದ ಹೌಸಿಂಗನ್ನು ಬಂಪ್ ಸ್ಟಾಪ್ ತಾಗುವವರೆಗೆ ಎತ್ತಿ ನೋಡಿ. ಒಂದು ಕಡೆ ಮಾತ್ರ ಎತ್ತಿ ಇನ್ನೊಂದು ಕಡೆ ಇಳಿಬಿಟ್ಟೂ ನೋಡಿ. ಎಲ್ಲ ಸ್ಥಿತಿಯಲ್ಲೂ ಚೇಂಬರಿಗೆ ಕನಿಷ್ಠ 25 ಮಿ.ಮೀ. ಉಳಿಯಬೇಕು. ಇಲ್ಲವಾದರೆ ಆಳದ ಗುಳಿ ಹಿಂಬದಿಗೆ ಇರುವ ಚೇಂಬರ್ ಹುಡುಕಿ ಅಥವಾ ಎಂಜಿನ್ನನ್ನು ಹಿಂದಕ್ಕೆ ಸರಿಸಿ. ಚಾಸಿಗೆ ಬ್ರ್ಯಾಕೆಟ್ ಹಾಕುವಾಗ ತೂತು ಚಾಸಿಯ ನಿಂತ ಮುಖದಲ್ಲಿ ಮಾತ್ರ, ಮೇಲಿನ ಕೆಳಗಿನ ಮಡಿಕೆಯಲ್ಲಿ ಬೇಡ. ಬಾಗುವ ಒತ್ತಡ ಹೆಚ್ಚು ಬೀಳುವುದು ಮಡಿಕೆಗೆ, ಬಿರುಕು ಹುಟ್ಟುವುದೂ ಅಲ್ಲೇ.

4ಬಿಟಿಯ ಮೇಲಿರುವ ದೊಡ್ಡ ದೂರು ಅದರ ಅಲುಗಾಟ. ಇದು ಕೆಟ್ಟ ಎಂಜಿನ್ನಿನ ಲಕ್ಷಣವಲ್ಲ, ನಾಲ್ಕು ಸಿಲಿಂಡರಿನ ಜ್ಯಾಮಿತಿ. ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಆದರೆ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಮೇಲಿನ ಪಿಸ್ಟನ್ನಿನ ವೇಗೋತ್ಕರ್ಷ ಕೆಳಗಿನದಕ್ಕಿಂತ ಹೆಚ್ಚು, ಎರಡೂ ಪೂರ್ತಿ ವಜಾ ಆಗುವುದಿಲ್ಲ. ಉಳಿದ ಬಲ ಪ್ರತಿ ಸುತ್ತಿಗೆ ಎರಡು ಬಾರಿ ಎಂಜಿನ್ನನ್ನು ಮೇಲೆ ಕೆಳಗೆ ಒದೆಯುತ್ತದೆ. ಆರು ಸಿಲಿಂಡರಿನಲ್ಲಿ ಈ ಬಲಗಳು ತಮ್ಮೊಳಗೇ ತೀರಿಹೋಗುತ್ತವೆ. ಪಿಸ್ಟನ್ ಇಷ್ಟು ಭಾರವಾಗಿದ್ದು ಬ್ಯಾಲೆನ್ಸ್ ಶಾಫ್ಟ್ ಇಲ್ಲದಿದ್ದಾಗ ಒದೆತ ಚಾಸಿಗೇ. ಐಡಲ್ 800 ಸುತ್ತಿನಲ್ಲಿ ಸೆಕೆಂಡಿಗೆ 27 ಒದೆತ. ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಸಹಜವಾಗಿ ತೂಗುವ ಗತಿ ಸೆಕೆಂಡಿಗೆ 19ಕ್ಕಿಂತ ಕೆಳಗಿದ್ದರೆ ಮಾತ್ರ ಮೌಂಟ್ ಅಲುಗಾಟ ತಡೆಯುತ್ತದೆ. ಅದಕ್ಕಿಂತ ಬಿಗಿ ಇದ್ದರೆ ತಡೆಯುವ ಬದಲು ಹೆಚ್ಚಿಸುತ್ತದೆ. ಆದ್ದರಿಂದ ಗಟ್ಟಿ ಪಾಲಿಯುರೆಥೇನ್ ಮೌಂಟ್ ಹಾಕುವುದು ತಪ್ಪು. ಡೆಲಿವರಿ ವ್ಯಾನಿನಲ್ಲಿ ಬಂದ ಮೆತ್ತನೆಯ ಮೂಲ ಮೌಂಟುಗಳೇ ಒಳ್ಳೆಯವು. ಎಂಜಿನ್ ಮೆತ್ತಗೆ ಕೂತರೆ ಅದಕ್ಕೆ ತಾಗಿದ್ದೆಲ್ಲವೂ ಬಾಗುವಂತಿರಬೇಕು: ಟರ್ಬೊ ನಂತರದ ಪೈಪಿನಲ್ಲಿ ಬೆಲ್ಲೋಸ್, ಡೀಸೆಲ್ ಪೈಪಿಗೆ ಹೋಸ್, ಕ್ಲಚ್ ಸ್ಲೇವಿಗೆ ಹೆಣೆದ ಉಕ್ಕಿನ ಹೋಸ್. ತಾಮ್ರದ ಪೈಪನ್ನು ಚಾಸಿಯಿಂದ ನೇರ ಎಂಜಿನ್ನಿಗೆ ಎಳೆದರೆ ಸೋಲ್ಡರ್ ಬಳಿಯೇ ತುಂಡಾಗುತ್ತದೆ.

ಚಿಕ್ಕ ಶಾಫ್ಟಿಗೆ ಬರೋಣ. ಎನ್‌ವಿ4500 ಹಳೆಯ ಡಬ್ಬಕ್ಕಿಂತ ಉದ್ದ, ಆದ್ದರಿಂದ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಶಾಫ್ಟ್ ಇನ್ನೂ ಗಿಡ್ಡವಾಗುತ್ತದೆ. ಗಿಡ್ಡ ಶಾಫ್ಟಿನಲ್ಲಿ ಎತ್ತರದ ಚಿಕ್ಕ ವ್ಯತ್ಯಾಸವೂ ದೊಡ್ಡ ಕೋನವಾಗುತ್ತದೆ. ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗಿದಾಗ ಅದರ ಆಚೆಯ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿಳಿಯುತ್ತದೆ. 3 ಡಿಗ್ರಿಯಲ್ಲಿ ಈ ಏರಿಳಿತ ಶೇ 0.14, 10 ಡಿಗ್ರಿಯಲ್ಲಿ ಶೇ 1.5. ಎರಡೂ ತುದಿಯ ಕೋನ ಸಮ ಇದ್ದು, ಯೋಕ್‌ಗಳು ಒಂದೇ ಸಾಲಿನಲ್ಲಿದ್ದರೆ ಎರಡನೇ ಜಾಯಿಂಟ್ ಮೊದಲನೆಯದರ ಏರಿಳಿತವನ್ನು ಅಳಿಸುತ್ತದೆ. ಅಂದರೆ ಗೇರ್‌ಬಾಕ್ಸ್ ಔಟ್‌ಪುಟ್ ಮತ್ತು ಟ್ರಾನ್ಸ್‌ಫರ್ ಕೇಸ್ ಇನ್‌ಪುಟ್ ಪರಸ್ಪರ ಸಮಾಂತರವಾಗಿರಬೇಕು, ವ್ಯತ್ಯಾಸ 1 ಡಿಗ್ರಿ ಮೀರಬಾರದು. ಪಕ್ಕದಿಂದ ಅಳೆದದ್ದು ಮಾತ್ರ ಸಾಲದು, ಮೇಲಿನಿಂದಲೂ ನೋಡಬೇಕು. ಎತ್ತರದಲ್ಲಿ 3 ಡಿಗ್ರಿ, ಅಡ್ಡಕ್ಕೆ 2 ಡಿಗ್ರಿ ಇದ್ದರೆ ನಿಜವಾದ ಕೋನ 3.6. ಹಾಗೆಂದು ಸೊನ್ನೆ ಮಾಡಲೂ ಹೋಗಬೇಡಿ. ಒಂದು ಡಿಗ್ರಿಯಾದರೂ ಇಲ್ಲದಿದ್ದರೆ ಕ್ರಾಸಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಗುಳಿ ತೋಡುತ್ತವೆ. ಶಾಫ್ಟಿನಲ್ಲಿ ಸ್ಲಿಪ್ ಜಾಯಿಂಟ್ ಕಡ್ಡಾಯ, ಎರಡೂ ದಿಕ್ಕಿಗೆ 25 ಮಿ.ಮೀ. ಸರಿಯುವಂತೆ. ಎಂಜಿನ್ ರಬ್ಬರಿನ ಮೇಲೆ ತೂಗುತ್ತದೆ, ಟ್ರಾನ್ಸ್‌ಫರ್ ಕೇಸ್ ಚಾಸಿಗೆ ಅಂಟಿದೆ, ಹಳ್ಳ ದಿಣ್ಣೆಯಲ್ಲಿ ಚಾಸಿಯೇ ತಿರುಚುತ್ತದೆ. ಆ ಎಲ್ಲ ಚಲನೆಯನ್ನೂ ನುಂಗಬೇಕಾದ್ದು ಈ ಗಿಡ್ಡ ಶಾಫ್ಟೇ. ಸ್ಲಿಪ್ ಇಲ್ಲದೆ ಮಾಡಿದರೆ ಒತ್ತಡ ಗೇರ್‌ಬಾಕ್ಸಿನ ಹಿಂದಿನ ಬೇರಿಂಗಿಗೆ ಹೋಗುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಮೊದಲ ದಶಕದ ಪವರ್ ವ್ಯಾಗನ್‌ಗಳು 6 ವೋಲ್ಟಿನವು, ಅದೂ ಪಾಸಿಟಿವ್ ಅರ್ಥ್. ಡೀಸೆಲ್ ಸೆಲ್ಫಿಗೆ 12 ವೋಲ್ಟ್ ಬೇಕು, ಹಾಗಾಗಿ ಬಲ್ಬ್, ಹಾರ್ನ್, ಮೀಟರ್ ಎಲ್ಲ ಬದಲು. ಬ್ಯಾಟರಿ ಕೇಬಲ್ 70 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು. ಪೆಟ್ರೋಲ್ ಟ್ಯಾಂಕಿಗೆ ಹೋಗುವ ಪೈಪು ಒಂದೇ, ಡೀಸೆಲ್ಲಿಗೆ ವಾಪಸ್ ಪೈಪೂ ಬೇಕು. ಆ ವಾಪಸ್ ಪೈಪಿನ ಬಾಯಿ ಹೀರುವ ಪೈಪಿನಿಂದ ದೂರ ಇರಲಿ, ಇಲ್ಲದಿದ್ದರೆ ಗುಳ್ಳೆ ಎಳೆಯುತ್ತದೆ. ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ನಿಂತರೆ ಪಂಪಿನ ಮೇಲೆ ಅನುಮಾನ ಪಡುವ ಮುಂಚೆ ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗಿನ ಪ್ರತಿ ಕ್ಲಿಪ್ ನೋಡಿ. ಹೀರುವ ಕಡೆಯ ಸೋರಿಕೆಯಲ್ಲಿ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ.

ಬ್ರೇಕ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಮೂಲ ವ್ಯವಸ್ಥೆ ಒಂದೇ ಸರ್ಕ್ಯೂಟಿನದು. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಎಂಜಿನ್ ಬದಲಿಸುವಾಗಲೇ ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಹಾಕಿ, ಡ್ರಮ್ ಸಾಲಿಗೆ 0.7 ಬಾರ್ ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಇಡಿ. ಡೀಸೆಲ್ಲಿನಲ್ಲಿ ಥ್ರಾಟಲ್ ಇಲ್ಲ, ಆದ್ದರಿಂದ ಮ್ಯಾನಿಫೋಲ್ಡ್ ವ್ಯಾಕ್ಯೂಮೂ ಇಲ್ಲ. ಬೂಸ್ಟರ್ ಬೇಕೆಂದರೆ ವ್ಯಾಕ್ಯೂಮ್ ಪಂಪ್ ಹಾಕಬೇಕು, ಇಲ್ಲವೇ ಪವರ್ ಸ್ಟಿಯರಿಂಗ್ ಪಂಪಿನಿಂದ ಓಡುವ ಹೈಡ್ರೊಬೂಸ್ಟ್. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದ ಹಿಡಿತ ಕೂಡ ಅದೇ ಕಾರಣಕ್ಕೆ ಕಡಿಮೆಯಾಗುತ್ತದೆ; ಘಟ್ಟ ಇಳಿಯುವವರಿಗೆ ಎಕ್ಸಾಸ್ಟ್ ಬ್ರೇಕ್ ಆಡಂಬರವಲ್ಲ.

ಇದನ್ನೆಲ್ಲ ಓದಿ ಭಾರತದಲ್ಲಿ ಹಳೆಯ ಗಾಡಿ ಬಿಚ್ಚಲು ಕೂರುವವರಿಗೆ ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಎಂಜಿನ್ ಇಳಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ಮಾತ್ರ. ಎಂಜಿನ್ ಬದಲಾದರೆ ಆ ಬಾಗಿಲು ಮುಚ್ಚಿತು. ಮೂಲ ಎಂಜಿನ್ ಇನ್ನೂ ಓಡುವ ಸ್ಥಿತಿಯಲ್ಲಿರುವ ಅಪರೂಪದ ಗಾಡಿಗೆ ಕೈ ಹಾಕದಿರುವುದೇ ಒಳ್ಳೆಯದೆಂದು ನಾನು ನಂಬುತ್ತೇನೆ. ಬ್ಲಾಕ್ ಒಡೆದು, ಎಂಜಿನ್ ಕಳೆದು, ಶೆಡ್ಡಿನಲ್ಲಿ ಬರೀ ಮೈ ಉಳಿದವು ಬೇಕಾದಷ್ಟಿವೆ.

ಮೊದಲ ಸ್ಟಾರ್ಟಿಗೆ ಮುಂಚೆ ಸೊಲೆನಾಯ್ಡಿನ ತಂತಿ ತೆಗೆದು ಆಯಿಲ್ ಪ್ರೆಶರ್ ಬರುವವರೆಗೆ ಸೆಲ್ಫ್ ತಿರುಗಿಸಿ, ಆಮೇಲೆ ತಂತಿ ಹಾಕಿ ಇಂಜೆಕ್ಟರ್ ನಟ್ ಸಡಿಲಿಸಿ ಗಾಳಿ ತೆಗೆಯಿರಿ. ವಿಇ ಪಂಪ್ ಹಿಡಿತ ತಪ್ಪಿ ಓಡತೊಡಗಿದರೆ ತಂತಿ ಕಿತ್ತರೂ ನಿಲ್ಲದಿರಬಹುದು. ಏರ್ ಇಂಟೇಕಿನ ಬಾಯಿ ಮುಚ್ಚಲು ಒಂದು ಚಪ್ಪಟೆ ಹಲಗೆ ಕೈಗೆಟುಕುವಲ್ಲಿರಲಿ, ಬರಿಗೈ ಇಡಬೇಡಿ. ಹೌಸಿಂಗ್ ಅನುಪಾತ ಬದಲಿಸಿ 4.89 ಹಾಕಿದ್ದರೆ ಸ್ಪೀಡೋಮೀಟರ್ ಶೇ 16 ಕಡಿಮೆ ತೋರಿಸುತ್ತದೆ, ಮುಳ್ಳು 84ರಲ್ಲಿದ್ದಾಗ ಗಾಡಿ 100ರಲ್ಲಿರುತ್ತದೆ; ಕೇಬಲ್ಲಿನ ನಡುವೆ ಅನುಪಾತ ಸರಿಪಡಿಸುವ ಚಿಕ್ಕ ಗೇರ್ ಡಬ್ಬ ಹಾಕಿಸಿ. ಮೌಂಟ್, ಬೆಲ್ ಹೌಸಿಂಗ್, ಶಾಫ್ಟ್ ಫ್ಲ್ಯಾಂಜ್, ಟ್ರಾನ್ಸ್‌ಫರ್ ಕೇಸ್, ಪಾಟಾ ಯು ಬೋಲ್ಟ್, ಇವುಗಳ ಪ್ರತಿ ನಟ್ಟಿನ ಮೇಲೂ ಪಕ್ಕದ ಲೋಹಕ್ಕೆ ಸೇರುವಂತೆ ಬಿಳಿ ಬಣ್ಣದ ಒಂದು ಗೀರು ಎಳೆದಿಡಿ. 100 ಕಿ.ಮೀ., 500 ಕಿ.ಮೀ., 1,000 ಕಿ.ಮೀ. ಆದಾಗ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಗೀರು ಮುರಿದ ನಟ್ಟನ್ನು ಮತ್ತೆ ಬಿಗಿಯುವ ಮೊದಲು ಅದರ ಕೆಳಗಿನ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಅಂಚನ್ನು ಬಟ್ಟೆಯಿಂದ ಒರೆಸಿ ಬಿರುಕಿದೆಯೇ ಎಂದು ಪರೀಕ್ಷಿಸಿ.